ಲಾಲಬೀ ಕಾಟಾ ಏರಿದ ದಿನ

ಠರಾವು ಪುಸ್ತಕದಾಗ ಇದನ್ನ ಬರೀಬ್ಯಾಡ ಅಂದಿದ್ದಳು ಜಗದೇವಿ.
"ಹಾಜರಿ ಬರಿ, ಸಾಲದ ಲೆಕ್ಕ ಬರಿ, ಚಾದ ಖರ್ಚು ಬರಿ,
ನಕ್ಕದ್ದು ಬರೀಬ್ಯಾಡ."
ಅದಕ್ಕೇ ಕಡೀ ಹಾಳ್ಯಾಗ ಬರೀಲಕತ್ತೀನಿ,
ಪೆನ್ಸಿಲ್ ಹಿಡದು.

ಎಳ್ಳಾಮಾಸಿ ಮುಗದು ಎಂಟು ದಿನ.
ಭಜ್ಜಿ ವಾಸನಿ ಕೈಯಾಗಿಂದ ಇನ್ನೂ ಹೋಗಿದ್ದಿಲ್ಲ.
ಸೇಡಂ ಗಂಜಿನ ಅಡತಿ ಮುಂದ
ಶಹಾಬಾದ ಕಲ್ಲಿನ ಕಟ್ಟಿ ಮ್ಯಾಗ ನಮ್ಮ ತೊಗರಿ,
ಹದಿನೇಳು ಹೆಣ್ಮಕ್ಕಳದು, ಅರವತ್ತೆರಡು ಚೀಲ.
ಬಿತ್ತಿದವರು ನಾವು, ಕಳೀ ತಗದವರು ನಾವು,
ಹೂವಿಗಿ ಮೊದಲು ಕುಡಿ ಚಿವುಟಿದವರು,
ಕೊಯ್ದು, ಬಡದು, ತೂರಿ
ರಾತ್ರಿ ಬಲ್ಬಿನ ಕೆಳಗ ಹಳ್ಳು ಆರಿಸಿದವರು.
ಮುನೀಮ ಚಾಳೀಸಿನ ಮ್ಯಾಗಿಂದ ನೋಡಿ ಕೇಳಿದ್ದು ಒಂದೇ:
"ರೈತರು ಎಲ್ಲಿ?"

ಚಂದಮ್ಮ ಹೊಳ್ಳಿ ನೋಡಿದಳು,
ಖರೇನೇ ಹಿಂದ ಯಾರರ ಬಂದಾರೇನೋ ಅಂತ.

ಚೀಲಕ್ಕ ಎರಡು ಕೆಜಿ ಸೂಟು ಅಂದ.
ಹಸಿ ಅದ, ಮಣ್ಣು ಅದ, ಬಾರದಾನದ ತೂಕ ಅದ.
ಕಾಟಾನೇ ಕಡಿಮಿ ತೋರಸ್ತದಂತ ನಮಗ ಅನುಮಾನ.
ಅನುಮಾನಕ್ಕ ರಸೀದಿ ಇರೂದಿಲ್ಲ.
ಅಪ್ಪಗೋಳ ಕಾಲದಿಂದ ಅದನ್ನ ಮನಿಗಿ ಒಯ್ದು
ರೊಟ್ಟಿ ಜೋಡಿ ನುಂಗಿಕೋತ ಬಂದೀವಿ.

ಆಗ ಲಾಲಬೀ ಚಪ್ಪಲಿ ಬಿಟ್ಟಳು.
ದರ್ಗಾದ ಹೊಸ್ತಿಲದಾಗ ಬಿಟ್ಟಂಗ
ಒಂದರ ಬಾಜೂಕ ಒಂದು ಇಟ್ಟು,
ಸೆರಗು ನಡಕ್ಕ ಸಿಗಸಿ, ಕಾಟಾ ಏರಿ ನಿಂತಳು.
ಹಮಾಲರು ನಕ್ಕರು. ಒಬ್ಬಾವ ಸೀಟಿ ಹೊಡದ.
ಕೆಂಪು ಅಂಕಿ ಓಡಿ, ತಡವರಿಸಿ, ನಿಂತವು:
ನಾಲ್ವತ್ತೊಂಬತ್ತು.

"ನಿನ್ನಿ ಅಂಗನವಾಡ್ಯಾಗ ಐವತ್ತೆರಡು ಇದ್ದೆ.
ರಕ್ತ ಕಡಿಮಿ ಅಂತ ನರಸಬಾಯಿ ಚೀಟಿ ಕೊಟ್ಟಾಳ,
ತಾರೀಖ ಅದ, ಶಿಕ್ಕಾ ಅದ.
ರಾತ್ರಿ ಮೂರು ರೊಟ್ಟಿ ತಿಂದೀನಿ ಬ್ಯಾರೆ.
ಹೇಳ್ರಿ ಸಾವಕಾರ್ರ,
ಮೂರು ಕೆಜಿ ಲಾಲಬೀ ಎಲ್ಲಿ ಹೋದಳು?"

ಗಂಜು ಒಮ್ಮಿಗೇ ಸುಮ್ಮನಾಯ್ತು ಅಂತ ಬರೀಬೇಕು ಅನಸ್ತದ.
ಆಗಲಿಲ್ಲ.
ಲಾರಿ ಹಾರ್ನ್ ಹೊಡೀತು, ಸವಾಲು ಕೂಗೂದು ನಡದೇ ಇತ್ತು,
ಯಾರದೋ ಆಡು ನಮ್ಮ ರಾಶಿಗಿ ಬಾಯಿ ಹಾಕ್ತು.
ಸಾವಕಾರ, "ಮಷೀನಿಗಿ ಬಿಸಲು ಬಡದದ" ಅಂದ.
ಪುಷ್ಯದ ಮುಂಜಾನಿ, ಶಾಲು ಹೊದ್ದುಕೊಂಡೇ ಅಂದ.

ಚಂದಮ್ಮ ಏರಿದಳು. ಆಮ್ಯಾಗ ಗುರುಬಾಯಿ.
ಆಮ್ಯಾಗ ಬಸುರಿ ಅಂಬವ್ವ, ಹೊಟ್ಟಿ ಹಿಡಕೊಂಡು,
"ಇಬ್ಬರನೂ ನೆಟ್ಟಗ ತೂಗ್ರಿ" ಅನಕೋತ.
ನಿನ್ನಿನ ಯಾದಿ ನನ್ನ ಪುಸ್ತಕದಾಗೇ ಇತ್ತು.
ನಾ ಓದಿದೆ, ಕಾಟಾ ತಾನೂ ಓದ್ತು,
ನಡುವಿನ ಕೊರತಿ ಜಗದೇವಿ ಬಳ್ಳಿನ ಗೆರಿ ಮ್ಯಾಗ ಕೂಡಿಸಿದಳು.
ಒಟ್ಟು ನಾಲ್ವತ್ತೆಂಟೂವರಿ ಕೆಜಿ.
ಹದಿನೇಳು ಮಂದ್ಯಾಗ ಒಬ್ಬಾಕಿ ಪೂರಾ ಮಾಯ.

ಸೀಟಿ ಹೊಡದ ಹಮಾಲ ಈಗ ನಗಲಿಲ್ಲ.
ಅವನೂ ಏರಿದ. ಇಳದು, ಕೂಲಿ ಚೀಟಿ ತಗದು
ಏನೋ ಲೆಕ್ಕ ಹಾಕಲಕತ್ತಿದ.

ಸಂಜೀಕ ಕಮಿಟಿಯವರು ಬಂದು ಕಾಟಾಕ್ಕ ಅರಗು ಜಡದರು.
ತೊಗರಿ ಬಾಜೂ ಅಡತ್ಯಾಗ ಮತ್ತ ತೂಗಿದ್ವಿ.
ರೊಕ್ಕ ಬಂತು. ಬಂದದ್ದು ಯಾರ ಹೆಸರಿಗಿ?
ಚಂದಮ್ಮನ ಗಂಡನ ಹೆಸರಿಗಿ.
ಗುರುಬಾಯಿಯ ಭಾವನ ಹೆಸರಿಗಿ.
ನಂದು, ಸತ್ತು ಒಂಬತ್ತು ವರ್ಷಾದ ನಮ್ಮ ಮಾವನ ಹೆಸರಿಗಿ;
ಪಹಣ್ಯಾಗ ಅವನು ಇನ್ನೂ ಬಿತ್ತಲಕತ್ತಾನ.

ಹೊಳ್ಳಿ ಬರೂ ಟಂಟಂದಾಗ ಎಲ್ಲಾರೂ ಹಾಡಿದರು,
ಲಾಲಬೀ ಮಾತ್ರ ಮಲಗಿದ್ದಳು, ಬಾಯಿ ತಕ್ಕೊಂಡು.
ಖರೇನೇ ರಕ್ತ ಕಡಿಮಿ ಇತ್ತು ಅಕೀಗಿ.
ಆ ಚೀಟಿ ನಾವು ಸಾವಕಾರಗ ತೋರಿಸಿದ್ವಿ,
ಗುಳಿಗಿ ತರೂದು ಮರತಿದ್ವಿ.
ಇದೂ ಠರಾವಿನಾಗ ಇಲ್ಲ.

ಜಗದೇವಿ ಮೆಲ್ಲಗ ಅಂದಳು:
"ಮಂಗಳವಾರ ತಹಶೀಲ್ ಕಚೇರಿ.
ಅಲ್ಲಿ ಏರಲಿಕ್ಕ ಕಾಟಾ ಇಲ್ಲ ನೋಡ್ರಿ."

ಮೆಟ್ಟಲ ಅವ, ಅಂದೆ ನಾ.
ಹತ್ತೊಂಬತ್ತು.
ಮಾವ ಸತ್ತ ವರ್ಷದಿಂದ ಎಣಿಸೀನಿ.